ಸ್ವಂತ ಗ್ಲಾಸು ಒಯ್ದಿದ್ದೆ

ಆ ಇಕ್ಕಳ ನನ್ನ ಬಾಯಿಗೆ ಬರುವ ಮೊದಲು ಇನ್ನೊಬ್ಬರ ಬಾಯಲ್ಲಿತ್ತು ಎಂಬುದು ನನಗೆ ರುಚಿಯಿಂದಲೇ ಗೊತ್ತಾಯಿತು. ತಂಬಾಕಿನ ರುಚಿ. ನಾನು ಹುಟ್ಟಿದಾಗಿನಿಂದ ತಂಬಾಕು ಮುಟ್ಟಿದವನಲ್ಲ. ನನಗಿಂತ ಮುಂಚೆ ಅದೇ ಕುರ್ಚಿಯಲ್ಲಿ ಕೂತಿದ್ದ ಮುದುಕ ಮಾತ್ರ, ಒಳಗೆ ಹೋಗುವ ಮೊದಲು ಬಾಯಲ್ಲಿದ್ದ ತಂಬಾಕಿನ ಉಂಡೆಯನ್ನು ಬೆರಳಿನಿಂದ ತೆಗೆದು ಹೊಸ್ತಿಲ ಪಕ್ಕಕ್ಕೆ ಎಸೆದಿದ್ದ. ಅದನ್ನು ನೋಡಿ ನಾನು ಮುಖ ತಿರುಗಿಸಿದ್ದೆ. ಹತ್ತು ನಿಮಿಷ ಕಳೆಯುವುದರೊಳಗೆ ಆ ಮುದುಕನ ಎಂಜಲು ನನ್ನ ನಾಲಿಗೆಯ ಮೇಲಿತ್ತು. ಉಗುಳೋಣವೆಂದರೆ ಹಲ್ಲು ಕೀಳುವವನ ಮೊಣಕೈ ನನ್ನ ಎದೆಯ ಮೇಲಿತ್ತು.

ಅವನನ್ನು ಡಾಕ್ಟರ್ ಅನ್ನಲು ನನಗೆ ಬಾಯಿ ಬರುವುದಿಲ್ಲ. ರಬಕವಿ ಸಂತೆಯ ಹಾದಿಯಲ್ಲಿ ಒಂದು ಖೋಲಿ, ಹೊರಗೆ ಗುಲಾಬಿ ಒಸಡು ಬಿಡಿಸಿದ ಬೋರ್ಡು, ಒಳಗೆ ಕ್ಷೌರದ ಅಂಗಡಿಯಿಂದ ತಂದಂಥ ಕುರ್ಚಿ. ಏನು ಓದಿದ್ದಾನೆ, ಎಲ್ಲಿ ಓದಿದ್ದಾನೆ ಎನ್ನುವ ಕಾಗದ ಎಲ್ಲೂ ಕಾಣಲಿಲ್ಲ. ಕಪಾಟಿನ ಮೇಲೆ ಒಂದು ಗಾಜಿನ ಬರಣಿ ಇತ್ತು. ಅದರ ತುಂಬ ಇಷ್ಟು ವರ್ಷ ಅವನು ಕಿತ್ತ ಹಲ್ಲುಗಳು, ಕೆಲವಕ್ಕೆ ಒಣಗಿದ ಮಾಂಸ ಇನ್ನೂ ಅಂಟಿಕೊಂಡಿತ್ತು. ಅದು ಅವನ ಜಾಹೀರಾತು. ಮೂಲೆಯ ಬೇಸಿನ್ನಿನಲ್ಲಿ ಯಾರದೋ ರಕ್ತ, ಯಾರದೋ ಎಲೆ ಅಡಿಕೆ ಕೂಡಿ ಕಂದು ಪದರವಾಗಿತ್ತು. ಇಕ್ಕಳಗಳು ಒಂದು ದೊಡ್ಡ ಡಬ್ಬಿಯಲ್ಲಿ, ಬೆಳಿಗ್ಗೆ ತಿಳಿಯಾಗಿದ್ದು ಮಧ್ಯಾಹ್ನಕ್ಕೆ ಮಜ್ಜಿಗೆಯಷ್ಟು ಗಟ್ಟಿಯಾದ ನೀರಿನಲ್ಲಿ ಮುಳುಗಿದ್ದವು. ಅವನು ಫೋನಿನಲ್ಲಿ ಮಾತಾಡಿದ, ಫೋನನ್ನು ತೊಡೆಗೆ ಒರೆಸಿ ಕಿಸೆಗಿಟ್ಟ, ಅದೇ ಬೆರಳನ್ನು ನನ್ನ ಬಾಯಿಗೆ ಹಾಕಿದ.

ಬಾಯಿ ಮುಕ್ಕಳಿಸಲು ಅಲ್ಲೊಂದು ಸ್ಟೀಲಿನ ಗ್ಲಾಸಿತ್ತು. ಕದ್ದು ಒಯ್ಯಬಾರದೆಂದು ಅದಕ್ಕೆ ಸರಪಳಿ ಹಾಕಿದ್ದರು. ನಾನು ಅದನ್ನು ಮುಟ್ಟಲಿಲ್ಲ. ನನ್ನ ಚೀಲದಿಂದ ಸ್ವಂತ ಗ್ಲಾಸು ತೆಗೆದು, ಮನೆಯ ಬಾಟಲಿಯ ನೀರು ಸುರಿದುಕೊಂಡು ಮುಕ್ಕಳಿಸಿದೆ. ಎಂಥ ಜಾಣತನ ಮಾಡಿದೆನೆಂದು ಹೆಮ್ಮೆಯೂ ಆಯಿತು. ಗ್ಲಾಸು ನನ್ನದು ಸರಿ, ಇಕ್ಕಳ ಯಾರದು ಎಂದು ಯೋಚಿಸುವಷ್ಟು ಬುದ್ಧಿ ಆ ನೋವಿನಲ್ಲಿ ಉಳಿದಿರಲಿಲ್ಲ.

ಈ ಗ್ಲಾಸಿನ ವಿಷಯ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಾನು ಬನಹಟ್ಟಿಯ ನೇಕಾರ, ಹೆಸರು ಸಂಗಪ್ಪ, ವಯಸ್ಸು ಐವತ್ತೈದು. ಮನೆಯ ಹಿಂದಿನ ಶೆಡ್ಡಿನಲ್ಲಿ ನಾಲ್ಕು ಪವರ್‌ಲೂಮ್ ಮಗ್ಗಗಳಿವೆ. ನಾನು, ಹೆಂಡತಿ ಗೌರವ್ವ, ಕೂಲಿಗೆ ಬರುವ ಪರಸಪ್ಪ, ಮೂವರು ಕೂಡಿ ಸೀರೆ ನೇಯುತ್ತೇವೆ. ಊರಲ್ಲಿ ಸಂಗಪ್ಪ ಎಂದರೆ ಯಾವ ಸಂಗಪ್ಪ ಎಂದು ಕೇಳುತ್ತಾರೆ, ಗ್ಲಾಸಿನ ಸಂಗಪ್ಪ ಎಂದರೆ ಮನೆಯವರೆಗೆ ತಂದು ಬಿಡುತ್ತಾರೆ. ಮದುವೆಗೆ ಹೋಗಲಿ, ಮಣ್ಣಿಗೆ ಹೋಗಲಿ, ನನ್ನ ಚೀಲದಲ್ಲಿ ನನ್ನ ಹೆಸರು ಕೆತ್ತಿಸಿದ ಗ್ಲಾಸು ಇದ್ದೇ ಇರುತ್ತದೆ. ಇನ್ನೊಬ್ಬರ ಎಂಜಲು ಎಂದರೆ ನನಗೆ ಹೊಟ್ಟೆ ತೊಳಸುತ್ತದೆ. ಲಗ್ನವಾದ ಹೊಸತರಲ್ಲಿ ಗೌರವ್ವ ಅರ್ಧ ನೀರು ಕುಡಿದು, ನಗುತ್ತ ಉಳಿದದ್ದನ್ನು ನನ್ನ ಮುಂದೆ ಹಿಡಿದಿದ್ದಳು. ನಾನು ಆ ನೀರನ್ನು ಬಚ್ಚಲಿಗೆ ಚೆಲ್ಲಿ, ಗ್ಲಾಸನ್ನು ಬೂದಿ ಹಚ್ಚಿ ತಿಕ್ಕಿ, ಬೇರೆ ನೀರು ತುಂಬಿಕೊಂಡು ಕುಡಿದೆ. ಆವತ್ತಿನಿಂದ ನಮ್ಮ ಮನೆಯಲ್ಲಿ ಅವಳ ಗ್ಲಾಸು ಬೇರೆ, ನನ್ನ ಗ್ಲಾಸು ಬೇರೆ.

ಇಂಥವನು ಆ ಖೋಲಿಗೆ ಯಾಕೆ ಹೋದ ಎಂದು ನೀವು ಕೇಳಬಹುದು. ಮೂರು ದಿನ ದವಡೆಹಲ್ಲು ನೋಯಲಿ, ಆಮೇಲೆ ಕೇಳಿ. ಲವಂಗ ಇಟ್ಟೆ, ಉಪ್ಪುನೀರು ಮುಕ್ಕಳಿಸಿದೆ, ಗೋಡೆಗೆ ಹಣೆ ಹಚ್ಚಿ ನಿಂತೆ. ಪರಸಪ್ಪ ಗುಟಕಾ ಜಗಿಯುತ್ತಲೇ ದಾರಿ ತೋರಿಸಿದ. "ಮಾಲಕ್ರ, ಜಮಖಂಡಿ ತನಾ ಯಾಕ ಹೋಗ್ತೀರಿ? ರಬಕವ್ಯಾಗ ಒಬ್ಬ ಅದಾನ. ಎರಡ ನಿಮಿಷದಾಗ ಕಿತ್ತ ಕೈಯಾಗ ಕೊಡ್ತಾನ" ಅಂದ. ಅವನು ಹೇಳಿದ್ದು ಖರೆ. ಹಲ್ಲು ಕೈಗೆ ಬಂತು, ಆದರೆ ಅದರ ಬೇರಿನ ಒಂದು ತುಂಡು ಒಳಗೇ ಉಳಿಯಿತು. ಅದು ನನಗೂ ಗೊತ್ತಾಗಲಿಲ್ಲ, ಕಿತ್ತವನಿಗೂ ಗೊತ್ತಿರಲಿಲ್ಲ.

ನಾಲ್ಕನೇ ದಿನಕ್ಕೆ ಗಲ್ಲ ಊದಿತು. ಐದನೇ ದಿನಕ್ಕೆ ಬಾಯಿ ಎರಡು ಬೆರಳಿನಷ್ಟೂ ತೆರೆಯದಾಯಿತು. ಆಮೇಲೆ ವಾಸನೆ ಶುರುವಾಯಿತು.

ಇದನ್ನು ಹೇಗೆ ಬರೆಯಲಿ? ಸಕ್ಕರೆ ಕಾಯಿಲೆ ಇದ್ದವರು ಚಹಾದಂಗಡಿಯಲ್ಲಿ ಕೂತು ಅದರ ಮಾತಾಡುತ್ತಾರೆ, ಮೊಣಕಾಲು ನೋವಿನವರು ಬಸ್ಸಿನಲ್ಲಿ ಗೆಳೆಯರಾಗುತ್ತಾರೆ. ಬಾಯಿ ನಾರುವವನು ಯಾರ ಹತ್ತಿರ ಹೇಳಿಕೊಳ್ಳಬೇಕು? ಹೇಳಲು ಬಾಯಿ ತೆರೆದರೆ ಕೇಳುವವನು ಹಿಂದೆ ಸರಿಯುತ್ತಾನೆ. ಅಂಗೈಯನ್ನು ಬಾಯಿಗೆ ಅಡ್ಡ ಹಿಡಿದುಕೊಂಡು ಈ ಹೊತ್ತು ಯಾರಾದರೂ ಮನೆಯ ಮೂಲೆಯಲ್ಲಿ ಕೂತಿದ್ದರೆ, ಅವರಿಗಾಗಿ ನಾನು ಇದನ್ನು ಬರೆಯುತ್ತಿದ್ದೇನೆ. ನಾನೂ ಹಾಗೆಯೇ ಕೂತಿದ್ದೆ. ಸತ್ತ ಇಲಿ ಕಪಾಟಿನ ಹಿಂದೆ ಸಿಕ್ಕಿಕೊಂಡಾಗ ಬರುವ ವಾಸನೆ ಅದು, ಕಪಾಟು ಮಾತ್ರ ನನ್ನ ತಲೆಯೊಳಗಿತ್ತು. ಅನ್ನದಲ್ಲಿ ಅದೇ ವಾಸನೆ, ನೀರಿನಲ್ಲಿ ಅದೇ ವಾಸನೆ. ಜಗತ್ತಿನವರ ಎಂಜಲಿಗೆಲ್ಲ ಮೂಗು ಮುರಿದವನಿಗೆ ತನ್ನ ಉಗುಳನ್ನೇ ನುಂಗಲಾಗದ ಸ್ಥಿತಿ ಬಂತು.

ಹೇಸಿಗೆಯ ಕೆಳಗೆ ಭಯವೂ ಇತ್ತು. ಈ ವಾಸನೆ ನನಗೆ ಹೊಸದಲ್ಲ. ನನಗೆ ಮಗ್ಗ ಕಲಿಸಿದ ದೊಡ್ಡಪ್ಪ ಬಾಯಿಯ ಕ್ಯಾನ್ಸರಿನಿಂದ ಹೋದ. ಕೊನೆಯ ಎರಡು ತಿಂಗಳು ಪಡಸಾಲೆಯಲ್ಲಿ ಮಲಗಿದ್ದಾಗ ಅವನ ಹತ್ತಿರ ಇದೇ ವಾಸನೆ ಇತ್ತು. ನನಗಾಗ ಇಪ್ಪತ್ತು ವರ್ಷ. ನೀರು ಕುಡಿಸಲು ಕರೆದರೆ ನಾನು ಹೊಸ್ತಿಲಲ್ಲೇ ನಿಂತು, ತಂಬಿಗೆಯನ್ನು ನೆಲದ ಮೇಲೆ ಅವನ ಕಡೆ ದೂಡಿ ಓಡಿಬರುತ್ತಿದ್ದೆ. ಅವನು ಕೈ ಚಾಚಿ ಅದನ್ನು ಹುಡುಕುತ್ತಿದ್ದದ್ದು ನನಗೆ ಇನ್ನೂ ಕಾಣುತ್ತದೆ. ಈಗ ಗಲ್ಲ ಹಿಡಿದುಕೊಂಡು ಕೂತಾಗ ಒಂದೇ ವಿಚಾರ: ನನಗೂ ಅದೇ ಬಂತೇನು?

ಗೌರವ್ವ ನನ್ನ ಹತ್ತಿರ ಬಂದು ಕೂರುತ್ತಿದ್ದಳು. ಜೋಳದ ಅಂಬಲಿ ತೆಳ್ಳಗೆ ಕಾಸಿ, ಚಮಚೆಯಿಂದ ಸಂದಿಯಲ್ಲಿ ಹಾಕುತ್ತಿದ್ದಳು. ಒಂದು ಸಲವೂ ಮೂಗಿಗೆ ಸೆರಗು ಹಿಡಿಯಲಿಲ್ಲ. ನಾನೇ ಮುಖ ಆ ಕಡೆ ಮಾಡಿದರೆ ಗದ್ದ ಹಿಡಿದು ತಿರುಗಿಸುತ್ತಿದ್ದಳು. "ಸುಮ್ನ ಬಾಯಿ ತಗೀರಿ. ವಾಸ್ನಿ ನಿಮ್ಮ ಮೂಗಿಗೂ ಐತಿ, ನನ್ನ ಮೂಗಿಗೂ ಐತಿ. ಹೊಟ್ಟಿಗೆ ಮೂಗಿಲ್ಲ" ಎಂದಳು. ಒಂಬತ್ತನೇ ದಿನ ನನ್ನನ್ನು ಕೇಳದೆ ಚೀಲ ತುಂಬಿ, ಜಮಖಂಡಿಯ ಬಸ್ಸು ಹತ್ತಿಸಿದಳು.

ಜಮಖಂಡಿಯ ಆ ದವಾಖಾನೆಯಲ್ಲಿ ಚಪ್ಪಲಿ ಹೊರಗೆ ಬಿಡಬೇಕು. ಬಿಟ್ಟೆ. ಒಳಗಿನ ಸಾಲಿನಲ್ಲಿ ಹುನ್ನೂರಿನ ಒಬ್ಬ ಮಾಸ್ತರರು, ಚಿಕ್ಕಪಡಸಲಗಿಯಿಂದ ಬಂದ ಅತ್ತೆ ಸೊಸೆ ಕೂತಿದ್ದರು. ನಾನು ಕೂತದ್ದೇ ತಡ, ಸೊಸೆ ಕಿಟಕಿಯ ಕಡೆ ಸರಿದಳು. ಅತ್ತೆ ಸೆರಗನ್ನು ಮೂಗಿಗೆ ಒತ್ತಿಕೊಂಡು, ಕೆಮ್ಮು ಬಂದವರ ಹಾಗೆ ನಟಿಸಿದಳು. ಮಾಸ್ತರರು ಪೇಪರನ್ನು ಎತ್ತಿ ಮುಖ ಮುಚ್ಚಿಕೊಂಡರು. ಯಾರ ಮೇಲೆ ಸಿಟ್ಟು ಮಾಡುವುದು? ಅವರ ಜಾಗದಲ್ಲಿ ನಾನಿದ್ದರೆ ಅಷ್ಟೊತ್ತಿಗೆ ಎದ್ದು ಬಾಗಿಲಾಚೆ ಹೋಗಿರುತ್ತಿದ್ದೆ.

ಡಾಕ್ಟರು ಮುಧೋಳದ ಕಡೆಯ ಹೆಣ್ಣುಮಗಳು, ಮೂವತ್ತು ದಾಟಿರಲಿಕ್ಕಿಲ್ಲ. ಡಾಕ್ಟರ್ ಅಕ್ಕಾರು ಎಂದು ಎಲ್ಲರೂ ಕರೆಯುತ್ತಿದ್ದರು. ಒಮ್ಮೆ ಕೆಟ್ಟವನು ನಾನು, ಕುರ್ಚಿಯಲ್ಲಿ ಒರಗುವ ಮೊದಲು ಕಣ್ಣಿಗೆ ಬಿದ್ದದ್ದನ್ನೆಲ್ಲ ಜಪ್ತಿ ಮಾಡುವವರ ಹಾಗೆ ತಪಾಸಣೆ ಮಾಡಿದೆ. ದೀಪದ ಹಿಡಿಕೆಗೆ ಹೊಸ ಪ್ಲಾಸ್ಟಿಕ್ ಸುತ್ತಿತ್ತು. ತಲೆಯಿಡುವ ಜಾಗಕ್ಕೆ ಹೊಸ ಕಾಗದ. ಉಗುಳು ಹೀರುವ ಒಂದು ಕೊಳವೆ ಪಕ್ಕದಲ್ಲಿ ನೇತಾಡುತ್ತಿತ್ತು. ನಾನು ಅದಕ್ಕೆ ಬೆರಳು ತೋರಿಸಿದೆ.

"ಈ ನಳಿಗಿ ಎಷ್ಟ ಮಂದಿ ಬಾಯಾಗ ಹೋಗಿ ಬಂದೈತ್ರಿ?" ಎಂದು ಹಲ್ಲು ಕಚ್ಚಿದ ಬಾಯಿಂದಲೇ ಕೇಳಿದೆ.

"ಇದರ ತುದಿ ಯಾರ ಬಾಯಿಗೂ ಹೋಗಿಲ್ಲ್ರಿ ಕಾಕಾ. ನೋಡ್ರಿ, ನಿಮ್ಮ ಮುಂದನ ಹರೀತೇನಿ" ಎಂದು ಡಾಕ್ಟರು ಒಂದು ಪಾಕೀಟು ಹರಿದು, ಹೊಸ ತುದಿ ಸಿಕ್ಕಿಸಿದರು. "ಇದು ನಿಮಗಷ್ಟ. ನೀವು ಎದ್ದ ಮ್ಯಾಲ ಕಸದಾಗ."

"ಮತ್ತ ಇಕ್ಕಳ?"

ಅವರು ನಕ್ಕು ನನ್ನನ್ನು ಎಬ್ಬಿಸಿಕೊಂಡು ಪಕ್ಕದ ಸಣ್ಣ ಖೋಲಿಗೆ ಕರೆದೊಯ್ದರು. ಅಲ್ಲೊಂದು ದುಂಡನೆಯ ಯಂತ್ರವಿತ್ತು. ಉಗಿಯಲ್ಲಿ, ಒತ್ತಡದಲ್ಲಿ ಬೇಯಿಸುವುದು, ಮನೆಯ ಕುಕ್ಕರಿನ ದೊಡ್ಡಣ್ಣ ಅಂದುಕೊಳ್ಳಿ. ತೊಳೆದ ಹತಾರುಗಳನ್ನು ಕಾಗದದ ಪಾಕೀಟಿನಲ್ಲಿ ಮುಚ್ಚಿ ಅದರೊಳಗೆ ಇಡುತ್ತಾರೆ. ಪಾಕೀಟಿನ ಮೇಲೆ ಒಂದು ಗೆರೆ ಇರುತ್ತದೆ, ಸರಿಯಾಗಿ ಬೆಂದರೆ ಮಾತ್ರ ಅದರ ಬಣ್ಣ ಬದಲಾಗುತ್ತದೆ. ನನಗಾಗಿ ತೆಗೆದ ಪಾಕೀಟನ್ನು ನಾನು ಬೆಳಕಿಗೆ ಹಿಡಿದು, ಗೆರೆ ನೋಡಿ, ಗೌರವ್ವನಿಗೂ ತೋರಿಸಿ ಆಮೇಲೆ ಬಾಯಿ ತೆರೆದೆ. ತೆರೆದೆ ಅಂದರೆ ಎಷ್ಟು ಆಗುತ್ತದೋ ಅಷ್ಟು. ಡಾಕ್ಟರು ಮುಖಕ್ಕೆ ಮಾಸ್ಕು, ಅದರ ಮೇಲೆ ಪಾರದರ್ಶಕ ಹಾಳೆ ಹಾಕಿಕೊಂಡಿದ್ದರೂ ಒಂದು ಕ್ಷಣ ಉಸಿರು ಬಿಗಿಹಿಡಿದದ್ದು ನನಗೆ ಗೊತ್ತಾಯಿತು.

ಎಕ್ಸ್‌ರೇ ಎಂದರೆ ದೊಡ್ಡ ಫಿಲ್ಮು, ಕಾಯುವುದು ಎಂದು ನಾನು ತಿಳಿದಿದ್ದೆ. ಪ್ಲಾಸ್ಟಿಕ್ ತೊಡಿಸಿದ ಒಂದು ಸಣ್ಣ ಚೌಕವನ್ನು ಬಾಯಲ್ಲಿಟ್ಟು ಬಟನ್ ಒತ್ತಿದ್ದೇ ತಡ, ನನ್ನ ದವಡೆ ಟಿವಿಯ ಮೇಲೆ ಬಂತು. ಕಿತ್ತ ಹಲ್ಲಿನ ತಗ್ಗಿನಲ್ಲಿ ಬೇರಿನ ತುಂಡು ಮುಳ್ಳಿನ ಹಾಗೆ ನಿಂತಿತ್ತು. ಮೊದಲು ಗುಳಿಗೆ ಕೊಟ್ಟು ಬಾವು ಇಳಿಸಿದರು, ನಾಲ್ಕು ದಿನ ಬಿಟ್ಟು ಆ ತುಂಡು ತೆಗೆದು, ಕೀವು ತೊಳೆದು ಹೊಲಿಗೆ ಹಾಕಿದರು.

ಕಳಿಸುವಾಗ ಡಾಕ್ಟರು ಬೆರಳು ಮಡಚಿ ಹೇಳಿದರು. "ಗಾಯದ ಮ್ಯಾಲ ರಕ್ತ ಹೆಪ್ಪುಗಟ್ಟೇತಿ, ಅದ ಔಷಧ. ಅದು ಕಿತ್ತ ಬರಬಾರ್ದು. ಬಾಯಿಂದ ಏನೂ ಜಗ್ಗಬ್ಯಾಡ್ರಿ. ನಳಿಗಿ ಹಾಕಿ ಎಳನೀರ ಕುಡಿಯೂದ ಬ್ಯಾಡ, ಬೀಡಿ ಸೇದೂದ ಬ್ಯಾಡ."

"ನನಗ ಯಾವ ಚಟಾನೂ ಇಲ್ಲ್ರಿ" ಎಂದೆ, ಎದೆಯುಬ್ಬಿಸಿ.

ಎರಡು ದಿನ ಮನೆಯಲ್ಲಿ ಮಲಗಿದೆ. ವಾಸನೆ ಹೋಯಿತು. ಮೂರನೇ ದಿನ ಸುಮ್ಮನೆ ಕೂರಲಾಗದೆ ಮಗ್ಗ ಚಾಲೂ ಮಾಡಿದೆ. ಕೆಲಸ ಮಾಡುವಾಗ ದವಡೆಯಲ್ಲಿ ಆಗಾಗ ಚಳಕ್ ಎನ್ನುತ್ತಿತ್ತು, ಮಗ್ಗದ ಬಡಿತಕ್ಕೆ ಹೀಗಾಗುತ್ತದೆ ಎಂದುಕೊಂಡೆ. ಆರನೇ ದಿನ ಬೆಳಿಗ್ಗೆ ಏಳುತ್ತಲೇ ನಾಲಿಗೆಗೆ ಆ ರುಚಿ ತಾಗಿತು. ಕನ್ನಡಿಯ ಮುಂದೆ ಅಂಗೈಯಲ್ಲಿ ಉಸಿರುಬಿಟ್ಟು ಮೂಸಿದೆ. ಅದೇ ಸತ್ತ ಇಲಿ.

ಇಷ್ಟೆಲ್ಲ ತೊಳೆದು ಬೇಯಿಸಿ ಮಾಡಿದ ಮೇಲೂ ಬಂತೆಂದರೆ ಇದು ದೊಡ್ಡಪ್ಪನ ಕಾಯಿಲೆಯೇ ಇರಬೇಕು. ಇಲ್ಲವೆಂದರೆ ಆ ಕುಕ್ಕರು, ಪಾಕೀಟು, ಗೆರೆ ಎಲ್ಲ ನಾಟಕ ಇರಬೇಕು. ಮೊದಲನೆಯದನ್ನು ನಂಬುವ ಧೈರ್ಯ ಇರಲಿಲ್ಲ, ಅದಕ್ಕೆ ಎರಡನೆಯದನ್ನು ನಂಬಿದೆ. ಬಸ್ಸಿನಲ್ಲಿ ಇಡೀ ದಾರಿ ಬೈಗುಳ ಜೋಡಿಸಿಕೊಂಡೆ. ಗೌರವ್ವ ತೋಳು ಹಿಡಿದರೂ ಕೊಸರಿಕೊಂಡು, ಚಪ್ಪಲಿ ಕಾಲಲ್ಲೇ ಒಳಗೆ ನುಗ್ಗಿ, ಕೂತವರ ಮುಂದೆಲ್ಲ ಒದರಾಡಿದೆ.

"ಕುಕ್ಕರ ತೋರಿಸಿ ಮಂದಿನ್ನ ಮಳ್ಳ ಮಾಡ್ತೀರೇನ್ರಿ? ರಬಕವ್ಯಾಗ ಕಣ್ಣಿಗೆ ಕಾಣೂ ಹೊಲಸ ಇತ್ತು, ಇಲ್ಲಿ ಕಣ್ಣಿಗೆ ಕಾಣದ ಹೊಲಸ ಐತಿ! ಯಾರ ಎಂಜಲಾ ಹಾಕೀರಿ ನನ್ನ ಬಾಯಾಗ?"

ಸಾಲಿನಲ್ಲಿ ಕೂತಿದ್ದ ಇಬ್ಬರು ಎದ್ದು ಹೋಗೇಬಿಟ್ಟರು. ನನ್ನ ಮಾತಿಗೋ, ನನ್ನ ಬಾಯಿಯ ವಾಸನೆಗೋ ಗೊತ್ತಿಲ್ಲ. ಡಾಕ್ಟರ ಮುಖ ಕೆಂಪಗಾಯಿತು. ದನಿ ಮಾತ್ರ ಏರಲಿಲ್ಲ. "ಮೊದಲ ಚಪ್ಪಲಿ ಹೊರಗ ಬಿಟ್ಟ ಬರ್ರಿ. ಆಮ್ಯಾಲ ಇಬ್ಬರೂ ಕೂಡಿ ನೋಡೂಣು, ಯಾರ ಹೊಲಸಂತ" ಎಂದರು.

ಅವರ ಹತ್ತಿರ ಪೆನ್ನಿನಷ್ಟು ದಪ್ಪದ ಒಂದು ಕ್ಯಾಮೆರಾ ಇತ್ತು. ಅದಕ್ಕೂ ಹೊಸ ಪ್ಲಾಸ್ಟಿಕ್ ತೊಡಿಸಿ ಬಾಯೊಳಗೆ ಬಿಟ್ಟರು. ಟಿವಿಯ ತುಂಬ ನನ್ನ ಬಾಯಿ ಬಂತು. ಯಾರೂ ತಮ್ಮ ಬಾಯಿಯನ್ನು ಅಷ್ಟು ದೊಡ್ಡದಾಗಿ ನೋಡಬಾರದು. ನಾಲಿಗೆಯ ಮೇಲಿನ ಬಿಳಿ ಕೆನೆ, ಹಲ್ಲುಗಳ ಸಂದಿಯ ಹಳದಿ ಹಿಟ್ಟು, ಹೊಲಿಗೆ ಬಿಚ್ಚಿದ ಗಾಯ. ಗಾಯದ ತಳದಲ್ಲಿ ಬೂದುಬಣ್ಣದ ಎಲುಬು ಕಾಣುತ್ತಿತ್ತು. ಅದರ ಸುತ್ತ ಕೊಳೆತ ಎಂಥದೋ ಗುಗ್ಗೆ. ಕಣ್ಣು ಮುಚ್ಚಬೇಕೆನ್ನುವಷ್ಟರಲ್ಲಿ ಆ ಗುಗ್ಗೆಯ ನಡುವೆ ಏನೋ ಹಸಿರು ಕಂಡಿತು.

ಡಾಕ್ಟರು ಕ್ಯಾಮೆರಾ ಹತ್ತಿರ ಒಯ್ದರು. ಸಣ್ಣ ಚಿಮಟಿಗೆಯಿಂದ ಅದನ್ನು ಹಿಡಿದು, ಮೆಲ್ಲಗೆ ಎಳೆದು, ಬಿಳಿ ಹತ್ತಿಯ ಮೇಲೆ ಇಟ್ಟರು. ಕೂದಲಿನಷ್ಟು ಸಣ್ಣ ಎಳೆ, ಒಂದು ಬೆರಳುದ್ದವೂ ಇಲ್ಲ. "ಇದೇನ್ರಿ ಇದು? ಏನ ತಿಂದಿದ್ರಿ?"

ನಾನು ತಲೆ ಅಲ್ಲಾಡಿಸಿದೆ. ಗೌರವ್ವ ಬಗ್ಗಿ ನೋಡಿದಳು. ಆ ಬಣ್ಣವನ್ನು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ, ವಾರದಿಂದ ಅದೇ ಬಣ್ಣದ ಕಂಡಿಕೆ ಸುತ್ತುತ್ತಿದ್ದವಳು ಅವಳೇ.

"ಅಯ್ಯ, ಇದು ನಮ್ಮ ನೂಲ" ಅಂದಳು. "ಈ ವಾರ ಹೊಕ್ಕಿಗೆ ಹಾಕಿದ್ದ ಗಿಳಿಹಸರ."

"ನೂಲ ಬಾಯಾಗ ಯಾಕ ಹೋಗ್ತದ್ರಿ?" ಡಾಕ್ಟರು ನಿಜವಾಗಿಯೂ ತಿಳಿಯದೆ ಕೇಳಿದರು.

ನೇಕಾರರಲ್ಲದವರಿಗೆ ಇದನ್ನು ಬಿಡಿಸಿ ಹೇಳಬೇಕು. ಸೀರೆಗೆ ಅಡ್ಡ ಬರುವ ನೂಲು, ಅಂದರೆ ಹೊಕ್ಕು, ಲಾಳಿಯಿಂದ ಬರುತ್ತದೆ. ಲಾಳಿ ಎಂದರೆ ದೋಣಿಯಾಕಾರದ ಒಂದು ಕಟ್ಟಿಗೆ, ಮಗ್ಗದಲ್ಲಿ ಆ ಕಡೆ ಈ ಕಡೆ ಹಾರುವುದು ಅದೇ. ಅದರ ಹೊಟ್ಟೆಯಲ್ಲಿ ನೂಲು ಸುತ್ತಿದ ಕಂಡಿಕೆ ಇರುತ್ತದೆ. ಕಂಡಿಕೆ ಸ್ವಲ್ಪ ಹೊತ್ತಿಗೇ ಖಾಲಿಯಾಗುತ್ತದೆ. ಹೊಸದನ್ನು ಹಾಕಿ, ನೂಲಿನ ತುದಿಯನ್ನು ಲಾಳಿಯ ಪಕ್ಕದ ಸಣ್ಣ ತೂತಿನಿಂದ ಹೊರಗೆ ತರಬೇಕು. ಬೆರಳಿಗೆ ಅದು ಸಿಗುವುದಿಲ್ಲ. ತೂತಿಗೆ ತುಟಿ ಹಚ್ಚಿ ಒಂದು ಸಲ ಜೋರಾಗಿ ಹೀರಿದರೆ ನೂಲು ತಾನಾಗಿ ಬಾಯಿಗೆ ಬರುತ್ತದೆ. "ಲಾಳಿಗೆ ಮುತ್ತ ಕೊಡೊ" ಎಂದು ದೊಡ್ಡಪ್ಪ ನನಗೆ ಕಲಿಸಿದ್ದು ಹತ್ತನೇ ವಯಸ್ಸಿನಲ್ಲಿ. ಆವತ್ತಿನಿಂದ ದಿನಕ್ಕೆ ಅದೆಷ್ಟು ಸಲ ಕೊಟ್ಟಿದ್ದೇನೋ ದೇವರಿಗೇ ಗೊತ್ತು. ಉಸಿರಾಡಿದ್ದನ್ನು ಯಾರಾದರೂ ಕೆಲಸ ಅಂತಾರೇನು? ಬಾಯಿಂದ ಏನೂ ಜಗ್ಗಬೇಡಿ ಎಂದು ಡಾಕ್ಟರು ಹೇಳಿದಾಗ ನನಗೆ ಲಾಳಿಯ ನೆನಪೇ ಬರಲಿಲ್ಲ.

ಗೌರವ್ವ ಎರಡು ಬೆರಳು ತುಟಿಗೆ ಹಚ್ಚಿ, ಹೀರಿ ತೋರಿಸಿದಳು. ಡಾಕ್ಟರು ಹತ್ತಿಯ ಮೇಲಿನ ಎಳೆಯನ್ನು ಇನ್ನೊಮ್ಮೆ ನೋಡಿದರು.

"ಲಾಳಿ ಒಬ್ಬೊಬ್ಬರಿಗೆ ಒಂದೊಂದ ಇರ್ತದೇನ್ರಿ?"

"ಎಲ್ಲಿದ್ರಿ ಅಕ್ಕಾರ. ಯಾರ ಕೈಗೆ ಬಂತೊ ಅವರ ಜಗ್ಗೂದ" ಎಂದಳು ಗೌರವ್ವ. "ಇವರು, ನಾನು, ಪರಸಪ್ಪ. ಅಂವ ಗುಟಕಾ ತಿಂತಾನ. ಒಂದೊಂದ ಸಲ ಲಾಳಿ ತೂತ ಕೆಂಪಗ ಆಗಿರ್ತದ, ಸೆರಗಿಲೆ ವರಸಿ ಜಗ್ಗತೇವಿ."

"ಕಾಕಾರ," ಎಂದರು ಡಾಕ್ಟರು, ನನ್ನ ಕಡೆ ತಿರುಗಿ. "ನನ್ನ ಕುಕ್ಕರ ಛಲೋ ಐತ್ರಿ. ನಿಮ್ಮ ಲಾಳಿನ್ನ ಎದರಾಗ ಕುದಿಸೀರಿ?"

ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದವನ ಎಲೆಯ ನೊಣ ಹುಡುಕಿದನಂತೆ. ನನ್ನ ಹೆಗ್ಗಣ ನನ್ನ ಬಾಯಲ್ಲೇ ಇತ್ತು. ರಬಕವಿಯ ಆ ಮುದುಕನ ತಂಬಾಕು ಒಂದು ದಿನದ್ದು. ಪರಸಪ್ಪನ ಗುಟಕಾ ಏಳು ವರ್ಷದ್ದು. ಅವನು ನನ್ನ ಮನೆಯಲ್ಲಿ ಚಹಾ ಕುಡಿಯುವ ಕಪ್ಪನ್ನು ನಾನು ಬೇರೆ ಗೂಟಕ್ಕೆ ಹಾಕಿಸಿದ್ದೆ. ಅವನ ಬಾಯಿಂದ ಇಳಿದ ಲಾಳಿ ನನ್ನ ಬಾಯಿಗೆ ಏರುವುದನ್ನು ಮಾತ್ರ ನನ್ನ ಕಣ್ಣು ನೋಡಿರಲೇ ಇಲ್ಲ. ಡಾಕ್ಟರು ಕೊಟ್ಟ ಕಾಗದದ ಬಟ್ಟಲಲ್ಲಿ ನಾನು ಆವತ್ತು ಖರೆಖರೆ ವಾಂತಿ ಮಾಡಿಕೊಂಡೆ.

ಗಾಯ ತೊಳೆದು, ಲವಂಗದ ವಾಸನೆಯ ಔಷಧ ತುಂಬಿದರು. ಆಮೇಲೆ ಕೈಗವಸು ತೆಗೆದು, ಸ್ಟೂಲು ಎಳೆದು ನನ್ನ ಎದುರಿಗೆ ಕೂತು ಹೇಳಿದರು: "ಹದಿನೈದ ದಿನಾ ಲಾಳಿ ಬಾಯಿಗೆ ಹಚ್ಚಬ್ಯಾಡ್ರಿ. ಗಾಯ ಮಾಯಬೇಕು. ಮಾಯ್ಲಿಲ್ಲಂದ್ರ ಸಣ್ಣ ತುಂಡ ತಗದ ಪರೀಕ್ಷಾಕ ಕಳಸೂಣು. ಅಂಜಬ್ಯಾಡ್ರಿ, ಆದ್ರ ಬಿಡೂದಲ್ಲ." ಯಾವ ಪರೀಕ್ಷೆ ಎಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ದೊಡ್ಡಪ್ಪನ ತುಂಡನ್ನೂ ಹಾಗೆಯೇ ಕಳಿಸಿದ್ದರು.

ಒದರಾಡಿದ್ದಕ್ಕೆ ಕ್ಷಮೆ ಕೇಳಬೇಕೆಂದು ಬಾಗಿಲವರೆಗೆ ಹೋಗಿ ತಿರುಗಿ ಬಂದೆ. ಕೂತವರ ಕಡೆ ತಿರುಗಿ, "ಇಲ್ಲಿ ಎಲ್ಲಾ ಸ್ವಚ್ಛ ಐತ್ರಿ. ಹೊಲಸ ನಂದ" ಎಂದೆ. ಒಬ್ಬ ಅಜ್ಜಿ ನಕ್ಕಳು. ಡಾಕ್ಟರೂ ನಕ್ಕಿರಬೇಕು, ಮಾಸ್ಕಿನ ಮೇಲೆ ಕಣ್ಣು ಸಣ್ಣಗಾಗಿದ್ದವು.

ಮನೆಗೆ ಬಂದವನು ಸಣ್ಣ ತಂತಿಯ ತುದಿ ಬಗ್ಗಿಸಿ ನಾಲ್ಕು ಕೊಕ್ಕೆ ಮಾಡಿದೆ. ತೂತಿನೊಳಗೆ ಕೊಕ್ಕೆ ಬಿಟ್ಟರೆ ನೂಲು ಬರುತ್ತದೆ, ತಡವಾಗಿ ಬರುತ್ತದೆ. ಪರಸಪ್ಪ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಮಾಲಕ್ರ, ಬಾಯಿದ್ದಾಂವಗ ಕೊಕ್ಕಿ ಯಾಕ?" ನಾನು ಅವನ ಲಾಳಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ತೂತಿನೊಳಗೆ ಕೊಕ್ಕೆ ತಿರುವಿದೆ. ಬಂದದ್ದನ್ನು ಬಿಳಿ ಬಟ್ಟೆಯ ಮೇಲೆ ಒರೆಸಿದೆ. ಕಂದು, ಕಪ್ಪು, ಹಳೆಯ ನೂಲಿನ ಅರಳು, ನಡುವೆ ಅಂಟಂಟಾದ ಏನೋ ಒಂದು. ಪರಸಪ್ಪ ಬಗ್ಗಿ ನೋಡಿದ, ಹಿತ್ತಲಿಗೆ ಹೋದ, ಬಾಯಿ ಮುಕ್ಕಳಿಸುವ ಸಪ್ಪಳ ಬಹಳ ಹೊತ್ತು ಕೇಳಿತು. ಮರಳಿ ಬಂದು ಒಂದು ಕೊಕ್ಕೆ ತೆಗೆದುಕೊಂಡ.

ಆ ಹದಿನೈದು ದಿನ ನಾನು ಹೇಗೆ ಕಳೆದೆ ಎಂದು ಹೇಳುವುದು ಕಷ್ಟ. ಕೈ ಅಭ್ಯಾಸಬಲದಿಂದ ಲಾಳಿಯನ್ನು ಮೂಗಿನವರೆಗೆ ಎತ್ತುತ್ತಿತ್ತು. ಅಲ್ಲಿ ಅದರ ವಾಸನೆ ಬಡಿಯುತ್ತಿತ್ತು. ನಲವತ್ತೈದು ವರ್ಷ ಬಾರದ ವಾಸನೆ ಈಗ ಎಲ್ಲಿಂದ ಬಂತು? ದಿನವೂ ಬೆಳಿಗ್ಗೆ ಅಂಗೈಯಲ್ಲಿ ಉಸಿರು ಬಿಟ್ಟು ಮೂಸುವುದು, ಆಮೇಲೆ ಗೌರವ್ವನ ಮುಂದೆ ಹೋಗಿ ಬಾಯಿ ತೆರೆಯುವುದು. ಅವಳು ಮೊಬೈಲಿನ ದೀಪ ಬಿಟ್ಟು ಇಣುಕುವಳು. ನಾನು ಅವಳ ಮುಖವನ್ನೇ ನೋಡುತ್ತ ನಿಲ್ಲುವೆ. ಹೀಗೆ ಬಾಯಿ ತೆರೆದು ಮಲಗಿದ್ದ ಇನ್ನೊಬ್ಬನ ಮುಖ ನಾನು ನೋಡಲು ಹೋಗಿರಲಿಲ್ಲ ಎಂಬುದು ಆಗೆಲ್ಲ ನೆನಪಾಗುತ್ತಿತ್ತು. ದೊಡ್ಡಪ್ಪನಿಗೆ ನೋವಿಗಿಂತ ಆ ತಂಬಿಗೆ ಹೆಚ್ಚು ಚುಚ್ಚಿರಬೇಕು. ಈಗ ಅದನ್ನು ಯಾರ ಹತ್ತಿರ ಹೋಗಿ ಹೇಳಲಿ?

ಹದಿನಾರನೇ ದಿನ ಮತ್ತೆ ಅದೇ ಕುರ್ಚಿ, ಅದೇ ಕ್ಯಾಮೆರಾ. ಈ ಸಲ ನಾನು ಪಾಕೀಟಿನ ಗೆರೆ ನೋಡಲಿಲ್ಲ, ನೇರ ಟಿವಿ ನೋಡಿದೆ. ಎಲುಬು ಕಾಣಲಿಲ್ಲ. ತಗ್ಗಿನ ತುಂಬ ಎಳೆಗೂಸಿನ ಅಂಗಾಲಿನಂಥ ಗುಲಾಬಿ ಮಾಂಸ ಬೆಳೆದಿತ್ತು.

"ಮಾಯಾಕತ್ತೈತ್ರಿ ಕಾಕಾ. ತುಂಡ ತಗಿಯೂದ ಬ್ಯಾಡ" ಎಂದರು ಡಾಕ್ಟರು.

ಗೌರವ್ವ ಅಲ್ಲೇ ಕುರ್ಚಿಯ ಪಕ್ಕ ನೆಲದ ಮೇಲೆ ಕೂತುಬಿಟ್ಟಳು. ಇಷ್ಟು ದಿನ ಒಂದು ಹನಿ ಕಣ್ಣೀರು ಹಾಕದವಳು ಸೆರಗನ್ನು ಮುಖಕ್ಕೆ ಒತ್ತಿಕೊಂಡು ಅತ್ತಳು. ಅವಳಿಗೂ ದೊಡ್ಡಪ್ಪನ ಕಾಯಿಲೆಯದೇ ಅಂಜಿಕೆ ಇತ್ತೆಂದು ನನಗೆ ಆಗ ಗೊತ್ತಾಯಿತು.

ಬಸ್ಸು ಇಳಿದು ಮನೆಗೆ ಬಂದಾಗ ಮಧ್ಯಾಹ್ನ. ಬಿಸಿಲಿಗೆ ಗಂಟಲು ಒಣಗಿತ್ತು. ಗೌರವ್ವ ಕೊಡದಿಂದ ತನ್ನ ಗ್ಲಾಸಿನಲ್ಲಿ ನೀರು ತುಂಬಿಕೊಂಡು, ಅರ್ಧ ಕುಡಿದು ಕೆಳಗಿಟ್ಟಳು. ನನ್ನ ಗ್ಲಾಸು ಚೀಲದಲ್ಲೇ ಇತ್ತು. ಲಗ್ನವಾದಂದಿನಿಂದ ಅವಳು ಹೀರಿದ ಲಾಳಿಯನ್ನು ದಿನವೂ ಹೀರಿದ್ದೇನೆ, ಅವಳು ಕೊಟ್ಟ ನೀರನ್ನು ಮಾತ್ರ ಬಚ್ಚಲಿಗೆ ಚೆಲ್ಲಿದ್ದೇನೆ. ಎಂಥ ಮಡ್ಡ ಮನುಷ್ಯ ನಾನು ಎನಿಸಿತು. ನಾನು ಅವಳ ಗ್ಲಾಸನ್ನೇ ಎತ್ತಿಕೊಂಡು, ಅವಳ ಕಣ್ಣೆದುರಿಗೆ ಉಳಿದರ್ಧ ನೀರನ್ನು ಗಟಗಟ ಕುಡಿದೆ. ಅವಳು ಖುಷಿಪಡುತ್ತಾಳೆ, ಹಳೆಯದೆಲ್ಲ ಅಳಿಸಿಹೋಗುತ್ತದೆ ಎಂದುಕೊಂಡಿದ್ದೆ.

ಅವಳು ನನ್ನನ್ನೇ ನೋಡಿದಳು. ಖಾಲಿ ಗ್ಲಾಸನ್ನು ನನ್ನ ಕೈಯಿಂದ ತೆಗೆದುಕೊಂಡು ಬಚ್ಚಲಿಗೆ ಹೋದಳು. ಒಳಗೆ ಹೊರಗೆ ತಿಕ್ಕಿದಳು. ಎರಡು ಸಲ ಬಿಸಿನೀರು ಸುರಿದಳು. ತಂದು ತನ್ನ ಗ್ಲಾಸಿನ ಜಾಗದಲ್ಲಿ ಬೋರಲು ಇಟ್ಟಳು.

"ಆ ಟಿವ್ಯಾಗ ನಿಮ್ಮ ಬಾಯಿ ನೋಡೇನ್ರಿ ನಾನು" ಎಂದಳು, ಮೆಲ್ಲಗೆ. "ನನ್ನ ಗಲಾಸ ನನಗಿರ್ಲಿ."

ಎಷ್ಟೋ ವರ್ಷದ ಹಿಂದೆ ನಾನು ಮಾಡಿದ್ದನ್ನೇ ಅವಳು ಮಾಡಿದಳು, ಬೂದಿಯೊಂದನ್ನು ಬಿಟ್ಟು. ನನ್ನ ಮುಖ ಉರಿಯಿತು. ನಗಬೇಕೋ ಅಳಬೇಕೋ ತಿಳಿಯದೆ ನಾನು ಚೀಲದಿಂದ ನನ್ನ ಗ್ಲಾಸು ತೆಗೆದು, ಅದರ ಮೇಲೆ ಕೆತ್ತಿಸಿದ ನನ್ನ ಹೆಸರನ್ನು ನೋಡುತ್ತ ನಿಂತೆ. ಗೌರವ್ವ ಕೊಡವನ್ನು ಬಗ್ಗಿಸಿ, ನನ್ನ ಗ್ಲಾಸಿನ ತುಂಬ ನೀರು ಹಾಕಿದಳು.